ಮಾವನಿಗೆ ಸ್ಪ್ಯಾನಿಷ್, ಎಮ್ಮೆಗೆ ಕನ್ನಡ

ಮೊನ್ನೆ ಮುಂಜಾನೆ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಎದೆ ಒಡೆಯುವುದೊಂದೇ ಬಾಕಿ ಇತ್ತು. ಚಹಾದ ಕಪ್ಪು ಕೈಯಲ್ಲಿ ಹಿಡಿದು, ಪೇಪರಿನವನು ಇನ್ನೂ ಯಾಕೆ ಬರಲಿಲ್ಲ ಎಂದು ಬಾಗಿಲ ಕಡೆ ನೋಡುತ್ತ ನಿಂತಿದ್ದೆ. ಬೆನ್ನ ಹಿಂದೆ ಯಾರೋ ಗಟ್ಟಿಯಾಗಿ "ಸಿಯೆಂತತೆ!" ಎಂದರು. ಹೌಹಾರಿ ತಿರುಗಿದೆ. ಅರ್ಧ ಚಹಾ ಬನಿಯನ್ ಮೇಲೆ ಬಿತ್ತು, ಉಳಿದರ್ಧ ನೆಲದ ಮೇಲೆ. ಅಡುಗೆಮನೆಯ ಬಾಗಿಲಲ್ಲಿ ನನ್ನ ಸೊಸೆ ರೇಣುಕಾ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರವನ್ನು. ಅವಳ ಮುಖ ನೋಡಿದರೆ ನನಗಿಂತ ಹೆಚ್ಚು ಹೆದರಿದವಳು ಅವಳೇ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಓಡಿಹೋದಳು.

ದೇವರಾಣೆ ಹೇಳುತ್ತೇನೆ, ಮೊದಲು ಅದು ಬೈಗುಳ ಎಂದೇ ತಿಳಿದೆ. ಕಕ್ಕೇರಾದ ಹುಡುಗಿ, ನಮ್ಮ ಮನೆಗೆ ಬಂದು ವರ್ಷದ ಮೇಲಾಯಿತು, ಬಳೆಯ ಸದ್ದಿಗಿಂತ ದೊಡ್ಡ ಸದ್ದು ಅವಳಿಂದ ನಾನು ಕೇಳಿದ್ದಿಲ್ಲ. ಅಂಥವಳು ಬೆಳಗಾಗುತ್ತಲೇ ಮಾವನಿಗೆ ಬೈದಳೆಂದರೆ ನಾನು ಏನು ಮಾಡಿರಬೇಕು ಎಂದು ಹಿಂದಿನದೆಲ್ಲ ತಡಕಾಡಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಹತ್ತಿರ ಹೋಗಿ ಇದೇನೆಂದು ಕೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿಮಗ ಕೂಡ್ರಿ ಅಂದಾಳ. ಸ್ಪೇನ್ ದೇಶದ ಮಾತಂತ ಅದು. ಕೂಡ್ರಿ ಮತ್ತ, ಪಾಪ, ಹುಡುಗಿ ನಸಕಿನಿಂದ ಅಭ್ಯಾಸ ಮಾಡಾಕತ್ತಾಳ."

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಮೇಲೆ ಕೆಂಪು ಅಕ್ಷರದಲ್ಲಿ 'ತರಗತಿಗೂ ಮನೆಗೂ ಉಪಯುಕ್ತ ಸ್ಪ್ಯಾನಿಷ್ ಅಪ್ಪಣೆಗಳು'. ಕೆಳಗೆ ಕನ್ನಡ ಲಿಪಿಯಲ್ಲಿ ಸಾಲಾಗಿ: ಸಿಯೆಂತತೆ ಎಂದರೆ ಕೂತುಕೋ. ಲೆವಾಂತತೆ ಎಂದರೆ ಎದ್ದೇಳು. ವೆನ್ ಅಕೀ, ಇಲ್ಲಿ ಬಾ. ಆಬ್ರೆ ಲಾ ಪ್ವೆರ್ತಾ, ಬಾಗಿಲು ತೆಗೆ. ಲಾವತೆ ಲಾಸ್ ಮಾನೋಸ್, ಕೈ ತೊಳೆದುಕೋ. ಕಾಯತೆ, ಬಾಯಿ ಮುಚ್ಚು. ಕೊನೆಗೆ ಪೋರ್ ಫವೋರ್, ದಯವಿಟ್ಟು. ಇದೊಂದು ನನಗೆ ವಿಚಿತ್ರವೆನಿಸಿತು. ನಮ್ಮ ಕಡೆ ದಯವಿಟ್ಟು ಎನ್ನುವ ಮಾತು ಇರುವುದು ಬಸ್ ನಿಲ್ದಾಣದ ಗೋಡೆಯ ಮೇಲೆ ಮಾತ್ರ, ಅದೂ ಇಲ್ಲಿ ಉಗುಳಬೇಡಿ ಎನ್ನುವುದರ ಹಿಂದೆ. ಮನೆಯಲ್ಲಿ ಯಾರಾದರೂ ದಯವಿಟ್ಟು ನೀರು ಕೊಡು ಎಂದರೆ ಅವರಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವೆ.

ನಮ್ಮ ಶಹಾಪುರದ ಖಾಸಗಿ ಶಾಲೆಗಳ ಪೈಪೋಟಿ ನಿಮಗೆ ಗೊತ್ತಿರಬೇಕು. ಒಬ್ಬರು ಕರಾಟೆ ಎಂದರೆ ಇನ್ನೊಬ್ಬರು ಕುದುರೆ ಸವಾರಿ ಎನ್ನುತ್ತಾರೆ. ಕುದುರೆ ಈವರೆಗೂ ಬಂದಿಲ್ಲ, ಬ್ಯಾನರಿನಲ್ಲಿ ಮಾತ್ರ ಓಡುತ್ತಿದೆ. ರೇಣುಕಾ ಕಲಿಸುವ ಶಾಲೆಯ ಹೆಡ್‌ಮಾಸ್ತರರು ಇವರೆಲ್ಲರನ್ನೂ ಮೀರಿಸಬೇಕೆಂದು ಮೂರನೆಯ ಇಯತ್ತೆಗೆ ಸ್ಪ್ಯಾನಿಷ್ ಎಂದು ಗೇಟಿಗೆ ಬರೆಸಿಬಿಟ್ಟರು. ಬರೆಸಿದ ಮೇಲೆ ಕಲಿಸುವವರು ಯಾರು ಎನ್ನುವ ಪ್ರಶ್ನೆ ಬಂತು. ಎಲ್ಲರಿಗಿಂತ ಹೊಸಬಳು, ಎಲ್ಲದಕ್ಕೂ ಹೂಂ ಎನ್ನುವವಳು ರೇಣುಕಾ. ಫೋನಿನಲ್ಲಿ ನೋಡಿ ಕಲಿ, ಕಲಿತು ಕಲಿಸು ಎಂದರು. ಶನಿವಾರ ತಂದೆ ತಾಯಿಗಳ ಎದುರು ಒಂದು ಮಾದರಿ ಪಾಠ ಆಗಬೇಕು. ಅವರು ಮೆಚ್ಚಿದರೆ ಸರಿ, ಇಲ್ಲದಿದ್ದರೆ ಜೂನಿನಿಂದ ಅವಳು ಬರುವ ಅಗತ್ಯವಿಲ್ಲ ಎಂದೂ ಹೇಳಿದ್ದರಂತೆ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಹೆಂಡತಿ. ಹುಡುಗಿಗೆ ಭಾಷೆ ಬೇಗ ಬಂದಿತ್ತು, ಬಾರದ್ದು ದನಿ. ಅವಳು ಕೂಡ್ರಿ ಎಂದರೆ ಮೊದಲ ಬೆಂಚಿಗೂ ಕೇಳುವುದಿಲ್ಲ ಎಂದು ಹೆಡ್‌ಮಾಸ್ತರರು ಎಲ್ಲರ ಮುಂದೆ ಅಂದಿದ್ದರು.

ದನಿಯ ವಿಷಯ ಬಂದಾಗ ನಾನು ಸುಮ್ಮನಿರಲಾರೆ. ನನ್ನ ಇಡೀ ನೌಕರಿ ದನಿಯ ಮೇಲೆಯೇ ನಡೆದದ್ದು. ನಾನು ಡ್ರಿಲ್ ಮಾಸ್ತರ, ಸರಕಾರಿ ಕಾಗದದಲ್ಲಿ ದೈಹಿಕ ಶಿಕ್ಷಕ. ಕೆಂಭಾವಿಯಲ್ಲಿ ಮೊದಲ ದಿನ ಮೈದಾನಕ್ಕೆ ಹೋಗಿ "ಸಾವಧಾನ್!" ಎಂದು ಒದರಿದಾಗ ಮಕ್ಕಳು ಕಂಬದಂತೆ ನಿಂತರು. ಬೇಲಿಯ ಆಚೆ ಹಗ್ಗ ಹೊಸೆಯುತ್ತಿದ್ದ ಒಬ್ಬ ಹಿರಿಯರೂ ಕೈಲಿದ್ದುದನ್ನು ಬಿಟ್ಟು ಎದ್ದು ನಿಂತರು. ಆಮೇಲೆ ಮೆಲ್ಲಗೆ ಬಂದು, ಮಾಸ್ತರ, ಹುಡುಗ್ರಿಗೆ ಯಾಕ ಬೈತೀರಿ ಎಂದು ಕೇಳಿದರು. ಆ ಹಿಂದಿ ಅವರಿಗೂ ಗೊತ್ತಿರಲಿಲ್ಲ, ಮಕ್ಕಳಿಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಅದರ ಅರ್ಥ ನನಗೂ ಅಷ್ಟಕ್ಕಷ್ಟೆ. ಆದರೂ ಎಲ್ಲರೂ ನಿಂತಿದ್ದರು. ಇನ್ನೊಮ್ಮೆ ಸಂತೆಯಲ್ಲಿ ಕೈ ಬಿಡಿಸಿಕೊಂಡು ಓಡುತ್ತಿದ್ದ ನನ್ನ ಮಗನಿಗೆ ನಿಲ್ಲು ಎನ್ನಲು ಡ್ರಿಲ್ಲಿನ ರೂಢಿಯಂತೆ "ಥಮ್!" ಎಂದೆ. ಮಗ ಓಡುತ್ತಲೇ ಹೋದ. ಟೊಮ್ಯಾಟೊ ಬುಟ್ಟಿ ಹೊತ್ತು ಹೋಗುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬ ನಡುದಾರಿಯಲ್ಲಿ ಗಕ್ಕನೆ ನಿಂತ. ಹಿಂದೆ ಬರುತ್ತಿದ್ದವರೆಲ್ಲ ಅವನಿಗೆ ಡಿಕ್ಕಿ ಹೊಡೆದರು. ಆ ಟೊಮ್ಯಾಟೊಗಳನ್ನು ಆರಿಸಿಕೊಡುವುದರಲ್ಲಿ ನನಗೆ ಸಂಜೆಯಾಯಿತು.

ಯೋಚಿಸಿದರೆ ನಮ್ಮ ಸೀಮೆಯಲ್ಲಿ ಅಪ್ಪಣೆ ಎನ್ನುವುದು ಯಾವತ್ತೂ ಪರಭಾಷೆಯಲ್ಲೇ ಬಂದದ್ದು. ನಮ್ಮ ಮುತ್ಯಾನ, ಅಂದರೆ ಅಪ್ಪನ ಅಪ್ಪನ ಕಾಲಕ್ಕೆ ಅದು ನಿಜಾಮರ ಉರ್ದುವಿನಲ್ಲಿ ಬರುತ್ತಿತ್ತು. ಕಚೇರಿಯ ಜವಾನ 'ಹಾಜಿರ್ ಹೋ' ಎಂದರೆ ಮುತ್ಯಾ ಚಪ್ಪಲಿ ಬಿಟ್ಟು ಓಡುತ್ತಿದ್ದನಂತೆ. ಆಮೇಲೆ ಕಾಲುವೆ ಕೆಲಸ ಶುರುವಾದಾಗ ಮೇಸ್ತ್ರಿಗಳು ತೆಲುಗಿನಲ್ಲಿ ಕೂಗಿದರು, ಇಂಜಿನಿಯರುಗಳು ಇಂಗ್ಲಿಷಿನಲ್ಲಿ. ನಾನು ಹಿಂದಿಯಲ್ಲಿ. ಈಗ ಸ್ಪ್ಯಾನಿಷ್ ಬಂದರೆ ಅದನ್ನು ಬೇಡ ಎನ್ನಲು ನಾನು ಯಾರು? ಹೀಗೆ ದೊಡ್ಡಸ್ತಿಕೆಯಿಂದ ಯೋಚಿಸುತ್ತ ಒದ್ದೆ ಬನಿಯನ್ನಿನಲ್ಲೇ ಕುರ್ಚಿಯ ಮೇಲೆ ಕೂತೆ. ಆಗ ನನಗೆ ಎರಡನೆಯ ಆಘಾತವಾಯಿತು, ಅದು ಮೊದಲಿನದಕ್ಕಿಂತ ದೊಡ್ಡದು. ಆ ಹುಡುಗಿ ನನಗೆ ನೇರವಾಗಿ ಆಡಿದ ಮೊಟ್ಟಮೊದಲ ಮಾತು ಅದಾಗಿತ್ತು.

ನಂಬಿ, ನಾನು ನನ್ನನ್ನು ಬಹಳ ಸುಧಾರಿಸಿದವನೆಂದು ತಿಳಿದಿದ್ದೆ. ಸೊಸೆ ನೌಕರಿ ಮಾಡಲಿ ಎಂದವನು ನಾನೇ. ನಮ್ಮ ಮನೆಯಲ್ಲಿ ಹಳೆಯ ಕಟ್ಟುಪಾಡು ಏನೂ ಇಲ್ಲ ಎಂದು ಬೀಗರ ಮುಂದೆ ಎದೆಯುಬ್ಬಿಸಿ ಹೇಳಿದ್ದೆ. ಆದರೆ ಈ ಒಂದು ವರ್ಷ ನಡೆದದ್ದೇನು? ನಾನು ಕೈಯಳತೆಯಲ್ಲಿ ಕೂತಿರುವಾಗಲೇ ಅವಳು ಅಡುಗೆಮನೆಯ ಕಡೆ ಮುಖ ಮಾಡಿ, "ಅತ್ತಿ, ಮಾವ ಉಣತಾರೇನು ಕೇಳ್ರಿ" ಎನ್ನುತ್ತಿದ್ದಳು. ನಾನೂ ಏನು ಕಡಿಮೆ ಅಲ್ಲ, "ಆಮ್ಯಾಲ ಉಣತೀನಂತ ಹೇಳ" ಎಂದು ಹೆಂಡತಿಗೇ ಹೇಳುತ್ತಿದ್ದೆ. ಹೆಂಡತಿ ಮನೆಯಲ್ಲಿಲ್ಲದಾಗ ಅವಳು ಹುಣಸಗಿಯ ಗೊಬ್ಬರದ ಅಂಗಡಿಯಲ್ಲಿರುವ ನನ್ನ ಮಗನಿಗೆ ಫೋನು ಮಾಡುವಳು, ಅವನು ಅಲ್ಲಿಂದ ನನಗೆ ಫೋನು ಮಾಡಿ, ಊಟ ತಣ್ಣಗಾಗುತ್ತಿದೆಯಂತೆ ಎನ್ನುವನು. ಒಂದು ಗೋಡೆಯ ಆಚೆಯಿಂದ ಈಚೆಗೆ ಮಾತು ಹುಣಸಗಿಗೆ ಹೋಗಿ ಬರುತ್ತಿತ್ತು. ಇದು ನನಗೆ ವಿಚಿತ್ರ ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ಯಾಕೆಂದರೆ ನಾನು ಬೆಳೆದದ್ದೇ ಹಾಗೆ. ಒಂದೇ ವ್ಯತ್ಯಾಸವೆಂದರೆ ಆಗ ನಡುವೆ ಎಮ್ಮೆ ಇತ್ತು. ಈಗ ಆ ಜಾಗದಲ್ಲಿ ನನ್ನ ಹೆಂಡತಿ ಇದ್ದಾಳೆ. ಈ ಮಾತನ್ನು ದಯವಿಟ್ಟು ಅವಳಿಗೆ ಓದಿ ಹೇಳಬೇಡಿ.

ಎಮ್ಮೆಯ ವಿಷಯ ಹೇಳಿಯೇ ಬಿಡುತ್ತೇನೆ. ನಾನು ಹುಟ್ಟಿ ಬೆಳೆದ ಊರು ಹುಣಸಗಿಯ ಹತ್ತಿರ. ಮನೆಯಲ್ಲಿ ಮುತ್ಯಾ, ಅಪ್ಪ, ಅವ್ವ, ನಾನು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಎಮ್ಮೆಯೊಂದಿತ್ತು, ಹೆಸರು ಚಂದ್ರಿ. ಸೊಸೆಯಾದವಳು ಮಾವನೆದುರು ಬಾಯಿ ಬಿಡಬಾರದು ಎನ್ನುವುದು ಆಗಿನ ರಿವಾಜು. ಮಾವನೂ ಸೊಸೆಯ ಹೆಸರು ಹಿಡಿದು ಕರೆಯಬಾರದು. ಆದರೆ ಒಂದೇ ಸೂರಿನಡಿ ಇರುವ ಇಬ್ಬರಿಗೆ ದಿನಕ್ಕೆ ಎಷ್ಟೋ ಸಲ ಏನೇನೋ ಹೇಳುವುದಿರುತ್ತದೆ. ಅದನ್ನೆಲ್ಲ ಅವರು ಚಂದ್ರಿಗೆ ಹೇಳುತ್ತಿದ್ದರು. "ಚಂದ್ರಿ, ಬಿಸಿನೀರು ಕಾದಾವ" ಎಂದು ಅವ್ವ ಕೊಟ್ಟಿಗೆಯ ಕಡೆ ನೋಡಿ ಹೇಳಿದರೆ ಮುತ್ಯಾ ಸ್ನಾನಕ್ಕೆ ಏಳಬೇಕು. "ಚಂದ್ರಿ, ಇವತ್ತ ಖಾರ ಜಾಸ್ತಿ ಆಗ್ಯಾದ" ಎಂದು ಮುತ್ಯಾ ತಾಟಿನ ಮುಂದೆ ಕೂತು ಹೇಳಿದರೆ ಅವ್ವ ಮಜ್ಜಿಗೆ ಬಡಿಸಬೇಕು. ಸಣ್ಣವನಾದ ನನಗೆ ನಮ್ಮ ಎಮ್ಮೆ ಬಹಳ ದೊಡ್ಡ ಮನುಷ್ಯಳು ಎನ್ನಿಸಿತ್ತು. ಬೇರೆ ಮನೆಯ ಎಮ್ಮೆಗಳಿಗೆ ಯಾರೂ ಅಡುಗೆಯ ವಿಚಾರ ಹೇಳುತ್ತಿರಲಿಲ್ಲ.

ಆ ಹೊತ್ತಿಗೆ ನಮ್ಮೂರ ಪಕ್ಕ ಕಾಲುವೆ ತೋಡಿ ಮುಗಿಸಿದ್ದರು. ನೀರು ಮಾತ್ರ ಬಂದಿರಲಿಲ್ಲ. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಊರಲ್ಲಿ ಡಂಗುರ ಹೊಡೆದು ಹೊಡೆದು ಹಲಗೆಯ ಚರ್ಮ ಹರಿಯುವ ಹೊತ್ತಾಗಿತ್ತು, ಕಾಲುವೆಯಲ್ಲಿ ಧೂಳು ಹಾರುತ್ತಿತ್ತು. ಕೊನೆಗೆ ಅದು ಕಾಲುವೆ ಎನ್ನುವುದೇ ನಮಗೆ ಮರೆತುಹೋಯಿತು. ಅಗಲವಾದ, ಸಮನಾದ, ಮುಳ್ಳಿಲ್ಲದ ಅಂಥ ದಾರಿ ನಮ್ಮೂರಿಗೆ ಹಿಂದೆ ಬಂದಿರಲಿಲ್ಲ. ಬಂಡಿಗಳು ಅದರಲ್ಲೇ ಓಡಾಡಿದವು. ಹೆಂಗಸರು ಜೋಳ ಒಣಗಿಸಿದರು, ನಾವು ಗೋಲಿ ಆಡಿದೆವು. ಮುತ್ಯಾ ದಿನಾ ಚಂದ್ರಿಯನ್ನು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದದ್ದು ಕಾಲುವೆಯ ನಡುವೆಯೇ. ಅಂಚಿನಲ್ಲಿ ಹಸಿರು ಹುಲ್ಲು ಇರುತ್ತಿತ್ತು, ಚಂದ್ರಿ ಮೇಯುತ್ತ ಹಿಂದೆ ಬರುತ್ತಿತ್ತು.

ಅದೊಂದು ದಿನ ಮತ್ತೆ ಡಂಗುರ ಹೊಡೆದರು, ಯಾರೂ ಲಕ್ಷ್ಯ ಕೊಡಲಿಲ್ಲ. ಮಧ್ಯಾಹ್ನ ಅವ್ವ ಬುತ್ತಿ ಹೊತ್ತುಕೊಂಡು ಕಾಲುವೆಯ ದಂಡೆಯ ಮೇಲೆ ಹೊಲಕ್ಕೆ ಹೊರಟಿದ್ದಳು. ಜೊತೆಗೆ ಹೋಗಿದ್ದ ನಾನು ಹಿಂದೆ ಉಳಿದು ಬಾರಿ ಗಿಡ ಏರಿ ಕೂತಿದ್ದೆ. ಕೆಳಗೆ ಕಾಲುವೆಯಲ್ಲಿ ಮುತ್ಯಾ ತನ್ನ ಪಾಡಿಗೆ ಮುಂದೆ ನಡೆದಿದ್ದ, ಚಂದ್ರಿ ತುಸು ಹಿಂದೆ. ಗಿಡದ ಮೇಲಿದ್ದ ನನಗೇ ಮೊದಲು ಕಂಡದ್ದು. ದೂರದ ತಿರುವಿನಲ್ಲಿ ಧೂಳು ಎದ್ದಿತು. ಧೂಳಿನ ಹಿಂದೆ ಕಸ, ಮುಳ್ಳು, ಒಣ ಹುಲ್ಲು ಒಂದು ಗುಡ್ಡೆಯಾಗಿ ಉರುಳುತ್ತ ಬಂತು, ಅದರ ಮುಂದೆ ಇಲಿಗಳು ಓಡಿ ಬರುತ್ತಿದ್ದವು. ಅದರ ಹಿಂದೆ ಕೆಂಪು ನೀರು. ನಾನು ಕೂಗಬೇಕು ಎಂದುಕೊಂಡೆ. ಮುಂದೆ ಮೈದಾನದ ಆಚೆ ತುದಿಗೂ ಕೇಳಿಸಿದ ನನ್ನ ಈ ಗಂಟಲು ಆ ಹೊತ್ತಿಗೆ ಬಾರಿಹಣ್ಣು ತುಂಬಿಕೊಂಡು ಸುಮ್ಮನೆ ಕೂತುಬಿಟ್ಟಿತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಅವ್ವನೂ ನೋಡಿದಳು. ಈಗ ನೀವು ಅವಳ ಜಾಗದಲ್ಲಿ ನಿಂತು ನೋಡಿ. ಕೆಳಗೆ ಮಾವ, ಅವನ ಬೆನ್ನ ಹಿಂದೆ ನೀರು, ಬಾಯಿ ಬಿಡುವ ಹಾಗಿಲ್ಲ. ಅವ್ವ ಮೊದಲು ಕೆಮ್ಮಿದಳು. ಹೌದು, ಕೆಮ್ಮಿದಳು, ಮನೆಯಲ್ಲಿ ಕೆಮ್ಮುವ ಹಾಗೆಯೇ. ಮುತ್ಯಾ ತಿರುಗಲಿಲ್ಲ. ಬಳೆ ಸದ್ದು ಮಾಡಿದಳು. ಬುತ್ತಿಯ ಗಂಟು ಕೆಳಗಿಟ್ಟು ಹಿತ್ತಾಳೆ ತಂಬಿಗೆಯನ್ನು ಕಲ್ಲಿಗೆ ಬಡಿದಳು. ಮುತ್ಯಾ ನಡೆಯುತ್ತಲೇ ಇದ್ದ. ಆಗ ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. "ಏ ಚಂದ್ರಿ, ನೀರು ಬರಾಕತ್ತದ, ದಂಡಿ ಮ್ಯಾಲ ಏರು" ಎಂದು ಕೂಗಿದಳು. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ, ಚಂದ್ರಿ ತಲೆಯೆತ್ತಿ ಒಮ್ಮೆ ಅವ್ವನನ್ನು ನೋಡಿತು, ಓಡಿ ಮುತ್ಯಾನನ್ನು ದಾಟಿ, ಇಳಿಜಾರು ಏರಿ ದಂಡೆಯ ಮೇಲೆ ಬಂದು ನಿಂತಿತು. ಎಮ್ಮೆಗೆ ಹೇಳಿದ್ದನ್ನು ಎಮ್ಮೆ ಕೇಳಿತು. ಕೇಳಬೇಕಾದವನು ಮಾತ್ರ, ಇದಕ್ಕೇನಾಯಿತು ಎನ್ನುವ ಹಾಗೆ ಚಂದ್ರಿಯ ಕಡೆ ಒಮ್ಮೆ ಕೈ ಬೀಸಿ ಮುಂದೆ ನಡೆದ.

ನೀರು ಅವನ ಹಿಮ್ಮಡಿ ಮುಟ್ಟುವುದಕ್ಕೂ ಅವ್ವನ ತಲೆಯ ಮೇಲಿನ ಸೆರಗು ಜಾರುವುದಕ್ಕೂ ಸರಿಹೋಯಿತು.

"ಮಾವಾ! ಹಿಂದ ನೋಡ್ರಿ! ಮ್ಯಾಲ ಬರ್ರಿ!"

ಆ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ. ಮುತ್ಯಾ ತಿರುಗಿದ. ಆದರೆ ಅವನು ನೋಡಿದ್ದು ನೀರನ್ನಲ್ಲ. ಬಾಯಿ ತೆರೆದುಕೊಂಡು, ಕಣ್ಣು ಪಿಳಿಕಿಸದೆ ಸೊಸೆಯನ್ನೇ ನೋಡುತ್ತ ನಿಂತುಬಿಟ್ಟ. ನೀರು ಮೊಣಕಾಲಿಗೆ ಬಂತು. ಅವನಿಗೆ ಅದರ ಪರಿವೆಯೇ ಇಲ್ಲ. ನನ್ನ ಸೊಸೆ ನನಗೆ ಅಪ್ಪಣೆ ಕೊಟ್ಟಳು ಎನ್ನುವುದರ ಮುಂದೆ ಕಾಲುವೆಗೆ ನೀರು ಬಂದದ್ದು ಅವನಿಗೆ ಏನೂ ಅಲ್ಲ ಎನ್ನಿಸಿರಬೇಕು. ಅವ್ವ ಮತ್ತೆ ಒದರಿದಳು, "ನನ್ನೇನು ನೋಡ್ತೀರಿ, ಏಳ್ರಿ ಮ್ಯಾಲ!"

ಆಗ ಎಚ್ಚರವಾಗಿ ಇಳಿಜಾರಿಗೆ ಕೈ ಹಚ್ಚಿದ. ಹಾಸುಗಲ್ಲು ಒದ್ದೆಯಾಗಿತ್ತು, ಏರುವುದು ಜಾರುವುದು ನಡೆಯಿತು. ಅವ್ವ ದಂಡೆಯ ಅಂಚಿಗೆ ಬಂದು ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ಮಾತಿನಲ್ಲಿ ರಿವಾಜು ಮುರಿದವಳಿಗೆ ಮಾವನ ಕೈ ಮುಟ್ಟುವುದು ಮಾತ್ರ ಆಗಲಿಲ್ಲ. ಚಂದ್ರಿಯ ಕೊರಳ ಹಗ್ಗವನ್ನು ಕೆಳಗೆ ಬಿಟ್ಟಳು. ಮುತ್ಯಾ ಅದನ್ನು ಹಿಡಿದ, ಚಂದ್ರಿ ಎಳೆಯಿತು. ಅವನ ರುಮಾಲು, ಚಪ್ಪಲಿ, ಬಾರುಕೋಲು ಎಲ್ಲ ತೇಲಿಹೋದವು. ದಂಡೆಯ ಮೇಲೆ ಬಂದು ಕೂತವನ ಕಾಲು ಎಷ್ಟು ನಡುಗುತ್ತಿದ್ದವೆಂದರೆ ಏಳಲಾಗಲಿಲ್ಲ. ಅವ್ವ ಮಾರು ದೂರ ಸರಿದು, ತಲೆ ತುಂಬ ಸೆರಗು ಹೊದ್ದು, ಅವನಿಗೆ ಬೆನ್ನು ಮಾಡಿ ನಿಂತಳು. ಹೊಲದಿಂದ ಅಪ್ಪ ಓಡಿ ಬರುವವರೆಗೂ ಅವನನ್ನು ಎಬ್ಬಿಸುವವರು ಇರಲಿಲ್ಲ.

ಕಾಲುವೆಗೆ ನೀರು ಬಂತೆಂದು ಊರು ಅರ್ಧ ದಿನ ಬೆರಗಾಯಿತು. ಅವ್ವ ಮಾವನಿಗೆ ಒದರಿದಳೆಂದು ತಿಂಗಳುಗಟ್ಟಲೆ ಬೆರಗಾಯಿತು. ಜೀವ ಉಳಿಸಿದಳು ಎಂದವರು ಕಡಿಮೆ, ಎಷ್ಟು ಧೈರ್ಯ ನೋಡ್ರಿ ಎಂದು ಗಲ್ಲದ ಮೇಲೆ ಕೈಯಿಟ್ಟವರೇ ಹೆಚ್ಚು. ಅವ್ವ ಆ ದಿನ ಒಲೆಯ ಮುಂದಿನಿಂದ ಏಳಲಿಲ್ಲ, ಉಣ್ಣಲೂ ಇಲ್ಲ. ಇನ್ನು ಮಾವನಿಗೆ ಹೇಗೆ ಮುಖ ತೋರಿಸಲಿ, ನನ್ನನ್ನು ತವರಿಗೆ ಕಳಿಸಿಬಿಡಿ ಎಂದು ಅಪ್ಪನ ಮುಂದೆ ಅತ್ತಳು. ಮುತ್ಯಾ ಗೋಡೆಗೆ ಒರಗಿ ಕೂತಿದ್ದ. ಅವನು ಏನೆನ್ನುತ್ತಾನೋ ಎಂದು ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ನನಗೆ ಅವ್ವ ಹೋಗಿಯೇ ಬಿಡುತ್ತಾಳೆ ಎನ್ನುವ ಭಯ.

ಮರುದಿನ ಮುಂಜಾನೆ ಅವ್ವ ಚಂದ್ರಿಯ ಹಾಲು ಕರೆಯಲು ಕೂತಿದ್ದಳು. ಮುತ್ಯಾ ಬಂದು ಕೊಟ್ಟಿಗೆಯ ಕಂಬ ಹಿಡಿದು ನಿಂತ. ಎಮ್ಮೆಯ ಹಣೆಯ ಮೇಲೆ ಕೈಯಿಟ್ಟು, ಅದರ ಮುಖ ನೋಡಿಯೇ ಹೇಳಿದ.

"ಚಂದ್ರಿ, ಆಕಿಗೆ ಹೇಳು. ನಿನ್ನಿ ಒದರಿದ್ದು ಬರೊಬ್ಬರಿ ಆತು. ಇನ್ನ ಮ್ಯಾಲ ಹಂಗೇ ಗಟ್ಟಿ ಹೇಳಂತ ಹೇಳು. ನನಗ ಕಿವಿ ಕೇಳಲಾರದಂಗ ಆಗಿ ಭಾಳ ದಿನ ಆತು."

ಅವ್ವನ ಕೈ ಕೆಚ್ಚಲಿನ ಮೇಲೆ ಹಾಗೇ ನಿಂತಿತು. ಅಪ್ಪ ಹಲ್ಲುಜ್ಜುವ ಬೇವಿನ ಕಡ್ಡಿ ಬಾಯಲ್ಲೇ ಬಿಟ್ಟು ನೋಡಿದ. ಯಾರಿಗೂ ಗೊತ್ತಾಗಿರಲಿಲ್ಲ! ಕಿವಿ ಹೋಯಿತೆಂದು ಹೇಳಿಕೊಳ್ಳಲು ಮುದುಕನಿಗೆ ಅವಮಾನ. ಒಲೆಯ ಹೊಗೆ ನೋಡಿ ಸ್ನಾನಕ್ಕೆ ಎದ್ದ, ಪಲ್ಯದ ವಾಸನೆ ಹಿಡಿದು ಊಟಕ್ಕೆ ಕೂತ. ಅಷ್ಟು ದಿನವೂ ಅವ್ವ ಚಂದ್ರಿಗೆ ಹೇಳಿದ್ದೆಲ್ಲ ಚಂದ್ರಿಗೆ ಮಾತ್ರ ಕೇಳಿಸಿತ್ತು. ಅವ್ವ ತವರಿಗೆ ಹೋಗಲಿಲ್ಲ. ಮುತ್ಯಾ ಸಾಯುವವರೆಗೂ ಎಮ್ಮೆಗೆ ಹೇಳುವುದನ್ನು ಬಿಡಲೂ ಇಲ್ಲ, ಆದರೆ ಅವ್ವನ ದನಿ ಮಾತ್ರ ಏರಿತು. ನಮ್ಮ ಮನೆಯಲ್ಲಿ ಏನು ಅಡುಗೆ ಎನ್ನುವುದು ಓಣಿಗೆಲ್ಲ ಗೊತ್ತಾಗತೊಡಗಿತು. ನನ್ನ ಡ್ರಿಲ್ಲಿನ ಗಂಟಲು ಅವಳಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ. ಈ ಕಥೆಯನ್ನು ನನ್ನ ಸೊಸೆಗೆ ನಾನು ಹೇಳಿದ್ದಿಲ್ಲ. ಮಾತೇ ಇಲ್ಲದ ಮೇಲೆ ಕಥೆ ಹೇಳುವುದೆಲ್ಲಿ ಬಂತು?

ಒದ್ದೆ ಬನಿಯನ್ನಿನಲ್ಲಿ ಕೂತು ಇಷ್ಟೆಲ್ಲ ನೆನಪಾದ ಮೇಲೆ ನಾನು ಹೆಂಡತಿಯನ್ನು ಕರೆದು, "ಇನ್ನೊಮ್ಮೆ ಅನ್ನಂತ ಹೇಳ, ಇನ್ನೂ ಗಟ್ಟಿ" ಎಂದೆ. ನೋಡಿ, ಆಗಲೂ ಹೆಂಡತಿಗೇ ಹೇಳಿದೆ. ಒಳಗಿನಿಂದ ಸಣ್ಣಗೆ ಬಂತು, ಲೆವಾಂತತೆ. ನಾನು ಎದ್ದು ನಿಂತೆ. ಸಿಯೆಂತತೆ. ಕೂತೆ. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಂಡಿತು. ಮಾವ ನಿಜವಾಗಿಯೂ ಕೂತಿದ್ದಾನೆಯೇ ಎಂದು ನೋಡಿರಬೇಕು. ಮಾವನೊಡನೆ ಮಾತಾಡಬಾರದು ಎಂದವರು ಯಾರೂ ಸ್ಪ್ಯಾನಿಷ್‌ನಲ್ಲಿ ಮಾತಾಡಬಾರದು ಎಂದು ಹೇಳಿರಲಿಲ್ಲವಲ್ಲ. ಶನಿವಾರದವರೆಗೆ ನಮ್ಮ ಮನೆ ಸ್ಪೇನ್ ದೇಶದ ಕಾನೂನಿನಂತೆ ನಡೆಯಿತು. ಬಾಗಿಲು ತೆಗೆ ಎಂದರೆ ತೆಗೆದೆ, ಕೈ ತೊಳೆದುಕೋ ಎಂದರೆ ತೊಳೆದುಕೊಂಡೆ. ಪಕ್ಕದ ಮನೆಯವರು ಬಾಯಿ ಮೇಲೆ ಕೈಯಿಟ್ಟು ಕಾಂಪೌಂಡಿನಿಂದ ನೋಡಿದರು. ಹೆಂಡತಿ ಆ ಹಾಳೆಯಿಂದ ಒಂದೇ ಒಂದು ಶಬ್ದ ಕಲಿತಳು, ಕಾಯತೆ. ಅದನ್ನು ನನ್ನ ಮೇಲೆ ಈಗಲೂ ಬಳಸುತ್ತಾಳೆ. ಮಲಗಿದ ಬುದ್ಧನ ಗುಡ್ಡ ನಮ್ಮ ಮಾಳಿಗೆಯಿಂದ ಕಾಣುತ್ತದೆ. ಒಂದು ಸಂಜೆ ಬಟ್ಟೆ ತೆಗೆಯಲು ಹೋದ ರೇಣುಕಾ ಅದಕ್ಕೂ ಲೆವಾಂತತೆ ಎಂದು ಕೂಗುತ್ತಿದ್ದುದು ಕೇಳಿಸಿತು. ಬುದ್ಧ ಏಳಲಿಲ್ಲ, ಆದರೆ ದನಿ ಗುಡ್ಡದ ಕಡೆ ಹೋಗುವಷ್ಟಾಗಿತ್ತು.

ಶನಿವಾರ ನಾನೂ ಹೋದೆ. ಹಾಲ್ ತುಂಬ ತಂದೆ ತಾಯಿಗಳು, ಕುರ್ಚಿ ಖಾಲಿ ಇರಲಿಲ್ಲ, ಹಿಂದಿನ ಗೋಡೆಗೆ ಒರಗಿ ನಿಂತೆ. ಅವರಲ್ಲಿ ಅರ್ಧ ಜನ ನನ್ನ ಹಳೆಯ ಶಿಷ್ಯರು, ನನ್ನನ್ನು ಕಂಡು ಈಗಲೂ ಬೆನ್ನು ನೆಟ್ಟಗೆ ಮಾಡಿಕೊಂಡರು. ವೇದಿಕೆಯ ಮುಂದೆ ಮೂರನೆಯ ಇಯತ್ತೆಯ ಮಕ್ಕಳು ಪ್ರಾರ್ಥನೆ ಮುಗಿಸಿ ನಿಂತಿದ್ದವು, ನಿಂತಿದ್ದವು ಎನ್ನುವುದಕ್ಕಿಂತ ಕುಣಿಯುತ್ತಿದ್ದವು. ರೇಣುಕಾ ಬಾಯಿ ತೆರೆದಳು. ತುಟಿ ಅಲ್ಲಾಡಿತು, ದನಿ ಇಲ್ಲ. ಇನ್ನೊಮ್ಮೆ ಸಿಯೆಂತತೆ ಎಂದಳು, ಅದು ಹಿಂದಿನ ಸಾಲಿಗಿರಲಿ, ಮುಂದಿದ್ದ ಮಕ್ಕಳಿಗೂ ಮುಟ್ಟಲಿಲ್ಲ. ಹೆಡ್‌ಮಾಸ್ತರರು ಕೈಗಡಿಯಾರ ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಇವಳ ನೌಕರಿ ಈಗ ಹೋಗುತ್ತದೆ, ಇನ್ನು ಈ ಹುಡುಗಿ ಮತ್ತೆ ಅಡುಗೆಮನೆಯ ಬಾಗಿಲ ಸಂದಿಗೇ ವಾಪಸ್ಸು ಎನ್ನಿಸಿ ಸಂಕಟವಾಯಿತು. ಮಕ್ಕಳಿಗೆ ಒಂದು ಸಾವಧಾನ್ ಒದರಿಬಿಡಲೇ ಎಂದು ಗಂಟಲಿಗೆ ಬಂದದ್ದನ್ನು ನುಂಗಿಕೊಂಡೆ.

ಅವಳು ರೂಢಿಯಂತೆ ಗೋಡೆ ಗಡಿಯಾರಕ್ಕಾಗಿ ಹುಡುಕಿದಳು. ಆ ಗೋಡೆಯ ಮೇಲೆ ಗಡಿಯಾರ ಇರಲಿಲ್ಲ, ನಾನಿದ್ದೆ. ವರ್ಷದಲ್ಲಿ ಮೊದಲ ಸಲ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಸಿಯೆಂತತೆ!"

ಹಾಲ್ ಬೆಚ್ಚಿತು. ನಾನು ಅಲ್ಲೇ, ನಿಂತ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಧೂಳು ತುಂಬಿದ ನೆಲ. ತಾಲೂಕಿನ ಮಕ್ಕಳನ್ನೆಲ್ಲ ನಿಲ್ಲಿಸಿದ ಡ್ರಿಲ್ ಮಾಸ್ತರ ಸೊಸೆಯ ಒಂದು ಮಾತಿಗೆ ನೆಲಕ್ಕೆ ಕೂತನೆಂದು ನನ್ನ ಶಿಷ್ಯರು ಕತ್ತು ತಿರುಗಿಸಿ, ಬಾಯಿ ಬಿಟ್ಟು ನೋಡಿದರು. ಅಷ್ಟು ದೊಡ್ಡ ಮುದುಕ ಕೂತದ್ದು ಕಂಡು ಮಕ್ಕಳು ಗೊಳ್ಳೆಂದು ನಕ್ಕು ದಬದಬನೆ ಕೂತವು. ಆಮೇಲೆ ಅವಳ ದನಿ ಹಿಂದೆ ಸರಿಯಲಿಲ್ಲ. ವೆನ್ ಅಕೀ ಎಂದರೆ ಒಂದು ಮಗು ಬಂತು, ಆಬ್ರೆ ಲಾ ಪ್ವೆರ್ತಾ ಎಂದರೆ ನಾಲ್ಕು ಮಕ್ಕಳು ಒಟ್ಟಿಗೇ ಬಾಗಿಲಿಗೆ ಮುಗಿಬಿದ್ದವು. ಹೆಡ್‌ಮಾಸ್ತರರು ಗಡಿಯಾರ ಮರೆತು ಚಪ್ಪಾಳೆ ತಟ್ಟಿದರು. ಜೂನಿನ ಮಾತು ಆ ಚಪ್ಪಾಳೆಯಲ್ಲೇ ಮುಗಿಯಿತು.

ಕೊನೆಗೆ ಲೆವಾಂತತೆ ಎಂದಳು. ಮಕ್ಕಳೆಲ್ಲ ಎದ್ದವು. ನಾನು ಏಳಲಿಲ್ಲ. ಏಳಲಿಲ್ಲ ಎಂದರೆ, ಆಗಲಿಲ್ಲ. ಮೊಣಕಾಲು ಎರಡೂ ಹಿಡಿದುಕೊಂಡಿದ್ದವು. ಗೋಡೆಗೆ ಕೈ ಹಚ್ಚಿ ನೋಡಿದೆ, ಜಾರಿತು. ಸುತ್ತ ಶಿಷ್ಯರು ಇದೂ ಪಾಠದ ಭಾಗವೇ ಇರಬೇಕೆಂದು ಸುಮ್ಮನೆ ನೋಡುತ್ತಿದ್ದರು. ಅವಳು ಇನ್ನೊಮ್ಮೆ ಲೆವಾಂತತೆ ಎಂದಳು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ಮಕ್ಕಳ ನಡುವೆ ದಾರಿ ಮಾಡಿಕೊಂಡು, ಕುರ್ಚಿಗಳ ಸಾಲು ದಾಟಿ, ಎಲ್ಲರೂ ನೋಡುತ್ತಿರುವಾಗಲೇ ನನ್ನ ಎದುರು ಬಂದು ನಿಂತಳು. ತಲೆಯ ಸೆರಗು ಹೆಗಲಿಗೆ ಬಿದ್ದಿತ್ತು. ಬಗ್ಗಿ ಕೈ ಚಾಚಿದಳು, ಹಿಂದೆ ತೆಗೆದುಕೊಳ್ಳಲಿಲ್ಲ.

ನಾನು ಆ ಕೈಯನ್ನೂ ಅವಳ ಮುಖವನ್ನೂ ಬಾಯಿ ತೆರೆದುಕೊಂಡು ನೋಡುತ್ತ ಕೂತೆ. ಅವಳು ಕನ್ನಡದಲ್ಲಿ, ನಮ್ಮ ಅವ್ವನ ಕನ್ನಡದಲ್ಲಿ ಹೇಳಿದಳು:

"ನನ್ನೇನು ನೋಡ್ತೀರಿ ಮಾವ, ಏಳ್ರಿ."

ನಾನು ಕೈ ಹಿಡಿದು ಎದ್ದೆ.